ಹಿಂದಿನ ಸೀಟಿನ ಲೆಕ್ಕ

ಭಾವನ ಲ್ಯಾಪ್‌ಟಾಪಿನಲ್ಲಿ ನಮ್ಮ ಪ್ರಯಾಣ ಮೂರೇ ಸಾಲಿನದಾಗಿತ್ತು. ಬುಧವಾರ ಬೆಂಗಳೂರಿನಿಂದ ಹೈದರಾಬಾದ್ ದಾಟಿ ನಿರ್ಮಲ್. ಗುರುವಾರ ನಾಗಪುರ ದಾಟಿ ಸಾಗರ್, ಅಂದರೆ ನಮ್ಮ ಶಿವಮೊಗ್ಗದ ಸಾಗರ ಅಲ್ಲ, ಮಧ್ಯಪ್ರದೇಶದ್ದು. ಶುಕ್ರವಾರ ರಾತ್ರಿ ದೆಹಲಿ. ಶನಿವಾರ, ಭಾನುವಾರ ಸಾಮಾನು ಜೋಡಿಸುವುದು, ಸೋಮವಾರ ಬೆಳಿಗ್ಗೆ ಡ್ಯೂಟಿ. ದಿನಕ್ಕೆ ಹೆಚ್ಚು ಕಡಿಮೆ 700 ಕಿಲೋಮೀಟರ್. ಎಕ್ಸೆಲ್ ಹಾಳೆಯಲ್ಲಿ ಟೋಲ್, ಪೆಟ್ರೋಲ್, ಊಟದ ಸಮಯ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಎರಡು ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಒಂಬತ್ತು ವರ್ಷದ ಪುಟ್ಟಿ, ನಾಲ್ಕು ವರ್ಷದ ಪಾಪು.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಭಾವನಿಗೆ ದೆಹಲಿಗೆ ವರ್ಗವಾಗಿತ್ತು. ಮನೆ ಸಾಮಾನು ಲಾರಿಯಲ್ಲಿ ಹೋಗಿತ್ತು. ಕಾರನ್ನು ತಾವೇ ಓಡಿಸಿಕೊಂಡು ಹೋಗುತ್ತೇನೆಂದು ಅವರು ಹಟ ಹಿಡಿದರು. ಅಕ್ಕನಿಗೆ ಡ್ರೈವಿಂಗ್ ಬರುವುದಿಲ್ಲ. ‘ಮಕ್ಕಳನ್ನ ನೋಡ್ಕೊಳ್ಳೋಕೆ ನೀನೂ ಬಾರೆ, ಹೇಗೂ ಮನೇಲೇ ಇದ್ದೀಯಲ್ಲ’ ಎಂದು ಫೋನಿನಲ್ಲಿ ಕರೆದಳು.

ಹೇಗೂ ಮನೇಲೇ ಇದ್ದೀಯಲ್ಲ. ಕೆಲಸ ಹುಡುಕುತ್ತಿರುವವರಿಗೆಲ್ಲ ಈ ಮಾತಿನ ಮೊನೆ ಗೊತ್ತು. ಅಕ್ಕ ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ತುಮಕೂರಿನ ಮನೆಯಲ್ಲಿ ಕೂತು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಮೂರನೇ ಸಲ ಬರೆದಿದ್ದ ಮುಖ್ಯ ಪರೀಕ್ಷೆಯ ಫಲಿತಾಂಶ ಇಂದೋ ನಾಳೆಯೋ ಬರುವುದಿತ್ತು. ಮನೆಯಲ್ಲಿ ಅಪ್ಪನ ಎದುರು ಅದನ್ನು ನೋಡುವುದಕ್ಕಿಂತ ಎಲ್ಲಾದರೂ ದೂರದಲ್ಲಿ ನೋಡುವುದು ಮೇಲು ಎನ್ನಿಸಿ ಹೊರಟೆ. ನನ್ನ ಬಳಿ ನಾಲ್ಕು ವರ್ಷದ ಹಳೆಯ ಡ್ರೈವಿಂಗ್ ಲೈಸೆನ್ಸ್ ಇತ್ತು. ಅಪ್ಪನ ಹಳೇ ಕಾರನ್ನು ದೇವಸ್ಥಾನಕ್ಕೂ ಮಾರುಕಟ್ಟೆಗೂ ಓಡಿಸಿದ್ದು ಬಿಟ್ಟರೆ ಹೆದ್ದಾರಿಯ ಲಾರಿಗಳ ನಡುವೆ ಚಕ್ರ ಹಿಡಿದವಳಲ್ಲ. ಆ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊದಲ ದಿನವೇ ತಪ್ಪಿದ ಪಟ್ಟಿ

ಜೂನ್ ಮೊದಲ ವಾರ. ಬೆಳಗಿನ ಐದಕ್ಕೆ ಯಲಹಂಕ ಬಿಟ್ಟೆವು. ನಮ್ಮದು ರಾಷ್ಟ್ರೀಯ ಹೆದ್ದಾರಿ 44. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸುಮಾರು 3,745 ಕಿ.ಮೀ. ಉದ್ದದ, ದೇಶದ ಅತಿ ಉದ್ದದ ಹೆದ್ದಾರಿ. ಅದರ ನಡುವಿನ 2,150 ಕಿ.ಮೀ. ನಮ್ಮ ಪಾಲಿನದು. ಲೆಕ್ಕ ಓದಿದವಳೆಂದು ಖರ್ಚಿನ ಪುಸ್ತಕ ನನ್ನ ಕೈಗೆ ಬಂತು. ‘ನಂಗೂ ಒಂದು ಪೇಜ್ ಕೊಡು’ ಎಂದು ಪುಟ್ಟಿ ಹಿಂದಿನಿಂದ ಕೆಲವು ಹಾಳೆ ವಶಪಡಿಸಿಕೊಂಡಳು.

ಚಿಕ್ಕಬಳ್ಳಾಪುರ ದಾಟುತ್ತಿದ್ದಂತೆ ಪಾಪು ವಾಂತಿ ಮಾಡಿದ. ಸುಮ್ಮನಿರಲಿ ಎಂದು ಕೈಗೆ ಮೊಬೈಲ್ ಕೊಟ್ಟಿದ್ದೇ ತಪ್ಪಾಗಿತ್ತು. ಕಣ್ಣು ಅಲುಗದ ಪರದೆಯನ್ನು ನೋಡುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ಗಾಡಿಯ ಓಲಾಟವನ್ನು ಮಿದುಳಿಗೆ ಹೇಳುತ್ತಲೇ ಇರುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಬಾಗೇಪಲ್ಲಿಯಲ್ಲಿ ಎರಡನೇ ಸಲ. ಸೀಟು, ನನ್ನ ಚೂಡಿದಾರ, ಪುಳಿಯೋಗರೆ ಡಬ್ಬಿಯಿದ್ದ ಚೀಲ ಎಲ್ಲವೂ ಒದ್ದೆ. ‘ಸ್ವಲ್ಪ ಹೊತ್ತು ಎಲ್ಲಾದ್ರೂ ನೆರಳಲ್ಲಿ ನಿಲ್ಸ್ರೀ’ ಎಂದಳು ಅಕ್ಕ. ಭಾವ ಗಡಿಯಾರ ನೋಡಿದರು. ಆದರೂ ಆಂಧ್ರದ ಗಡಿ ದಾಟಿ, ಕೋಡಿಕೊಂಡದ ಬಳಿ ತಿರುಗಿ ಲೇಪಾಕ್ಷಿಗೆ ಕರೆದೊಯ್ದರು.

ಅಲ್ಲಿ ವಿಜಯನಗರ ಕಾಲದ ವೀರಭದ್ರ ಗುಡಿಯ ಮಂಟಪದಲ್ಲಿ ನೆಲಕ್ಕೆ ಪೂರ್ತಿ ತಾಗದ ಕಂಬವೊಂದಿದೆ. ಅದರಡಿ ಟವೆಲ್ ತೂರಿಸಿ ಆಚೆಯಿಂದ ಎಳೆಯುವ ಆಟದಲ್ಲಿ ಪಾಪುಗೆ ಹೊಟ್ಟೆನೋವು ಮರೆತೇ ಹೋಯಿತು. ಹತ್ತು ನಿಮಿಷ ಎಂದದ್ದು ಒಂದೂವರೆ ಗಂಟೆಯಾಯಿತು. ಆಮೇಲೆ ಮೊಬೈಲ್ ಕೊಡಲಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿದೆವು, ಹೊಟ್ಟೆ ತುಂಬ ತಿನ್ನಿಸುವ ಬದಲು ಅವಲಕ್ಕಿ, ಮೊಸರನ್ನ ಸ್ವಲ್ಪ ಸ್ವಲ್ಪ ಕೊಟ್ಟೆವು. ಮತ್ತೆ ವಾಂತಿಯಾಗಲಿಲ್ಲ. ಆದರೆ ಆ ದಿನ ನಿರ್ಮಲ್ ಇರಲಿ, ಹೈದರಾಬಾದೂ ಮುಟ್ಟಲಿಲ್ಲ. ಕರ್ನೂಲಿನಲ್ಲೇ ರಾತ್ರಿಯಾಯಿತು. ಭಾವ ಲ್ಯಾಪ್‌ಟಾಪ್ ತೆರೆದು ಕೆಂಪು ಬಣ್ಣದಲ್ಲಿ ‘ಹಿಂದೆ: 420 ಕಿ.ಮೀ.’ ಎಂದು ಬರೆದುಕೊಂಡರು.

ನಮ್ಮ ನೀರು ಎಲ್ಲಿವರೆಗೆ?

ಪುಟ್ಟಿ ದಾರಿಯುದ್ದಕ್ಕೂ ಹೆಚ್ಚು ಮಾತಾಡುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನ ಗೆಳತಿಯರನ್ನು ಬಿಟ್ಟು ಬಂದಿದ್ದಳು. ಜುಲೈಯಿಂದ ಹೊಸ ಶಾಲೆ, ಅಲ್ಲಿ ಹಿಂದಿ. ಅನಂತಪುರದ ಬಳಿ ಅಂಗಡಿ ಬೋರ್ಡುಗಳನ್ನು ತಡವರಿಸುತ್ತಾ ಓದತೊಡಗಿದಳು. ‘ಚಿಕ್ಕಮ್ಮ, ಇದು ಕನ್ನಡಾನೇ, ತಲೆಕಟ್ಟು ಮಾತ್ರ ಬೇರೆ!’ ತೆಲುಗು ಓದಬಲ್ಲೆ ಎಂದು ತಿಳಿದ ಮೇಲೆ ಸ್ವಲ್ಪ ಗೆಲುವಾದಳು. ತನ್ನ ಪುಟಗಳಲ್ಲಿ ಎರಡು ಪಟ್ಟಿ ಶುರು ಮಾಡಿದಳು. ಒಂದು ‘ನಿಂತಿದ್ದು’, ಇನ್ನೊಂದು ‘ನದಿ’.

ಪಾಮಿಡಿಯಲ್ಲಿ ಪೆನ್ನಾ ಸಿಕ್ಕಿತು, ಬರೀ ಮರಳು. ಇದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲೇ ಹುಟ್ಟುವ ಉತ್ತರ ಪಿನಾಕಿನಿ ಎಂದೆ. ಕರ್ನೂಲಿನಲ್ಲಿ ತುಂಗಭದ್ರೆ. ಮರುದಿನ ಬೀಚುಪಲ್ಲಿ ಸೇತುವೆಯಲ್ಲಿ ಕೃಷ್ಣೆ. ‘ಇವೆಲ್ಲ ನಮ್ಮ ಕಡೆಯಿಂದ ಬರೋ ನೀರಾ? ಎಲ್ಲಿವರೆಗೆ ನಮ್ಮ ನೀರು ಸಿಗತ್ತೆ?’ ಎಂದು ಕೇಳಿದಳು. ಕೃಷ್ಣೆಗೇ ಮುಗಿಯಿತು ಎಂದುಬಿಟ್ಟೆ. ಅವಳ ಮುಖ ನೋಡಿ ಬೇಸರವಾಗಿ, ಸ್ಪರ್ಧಾತ್ಮಕ ಪರೀಕ್ಷೆಗೆ ಉರುಹೊಡೆದ ಭೂಗೋಳವನ್ನೆಲ್ಲ ಕೆದಕಿದೆ. ಬೀದರ್ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ತೆಲಂಗಾಣಕ್ಕೆ ಹೋಗಿ ಗೋದಾವರಿಯನ್ನು ಸೇರುತ್ತದೆ! ನಿರ್ಮಲ್‌ಗೆ ಮುಂಚೆ ಹೆದ್ದಾರಿ ಗೋದಾವರಿಯನ್ನು ದಾಟುವುದು ಆ ಸಂಗಮದ ಕೆಳಗೇ. ಮೂರು ವರ್ಷ ಓದಿದ್ದು ಒಂದು ಮಗುವಿಗೆ ಸಮಾಧಾನ ಹೇಳಲು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ರಾತ್ರಿ ಆ ಸೇತುವೆ ಬಂದಾಗ ಏನೂ ಕಾಣುತ್ತಿರಲಿಲ್ಲ. ಪುಟ್ಟಿ ಕಿಟಕಿಗೆ ಮೂಗೊತ್ತಿ ಕೂತೇ ಇದ್ದಳು.

ಆ ಗುರುವಾರ ಭಾವ ಹಿಂದಿನ ದಿನದ ಬಾಕಿ ತೀರಿಸಲು ಹೊರಟಿದ್ದರು. ಹೈದರಾಬಾದಿನ 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಗೆ ಹತ್ತಿ ನಗರವನ್ನು ನೋಡದೆಯೇ ದಾಟಿದೆವು. ‘ಚಾರ್‌ಮಿನಾರ್ ಎಲ್ಲಿ?’ ಎಂದ ಪುಟ್ಟಿಗೆ ಉತ್ತರ ಸಿಗಲಿಲ್ಲ. ಮಧ್ಯೆ ಪಾಪು ಜ್ವರ ಬಂದವನಂತೆ ಕಾದ. ಹೊರಗೆ ಬಿಸಿಲು ಅಷ್ಟಿತ್ತು. ಓಆರ್‌ಎಸ್ ಕುಡಿಸಿ, ನೆರಳಿನಲ್ಲಿ ಒಂದೆರಡು ಗಂಟೆ ಮಲಗಿಸಿ ಹೊರಟು ನಿರ್ಮಲ್ ತಲುಪಿದಾಗ ರಾತ್ರಿ ಹತ್ತೂವರೆ. ಭಾವ ಆಗಲೂ ಬೆಳಿಗ್ಗೆ ಐದಕ್ಕೇ ಹೊರಡಬೇಕು ಎಂದರು.

ಸೆಕೆಂಡಿಗೆ 25 ಮೀಟರ್

ಶುಕ್ರವಾರ ಬೆಳಿಗ್ಗೆ ನೋಡಿದರೆ ಕಾರಿನ ಹಿಂದಿನ ಚಕ್ರ ಪಂಕ್ಚರ್. ಅಂಗಡಿ ತೆಗೆಯುವುದು ಒಂಬತ್ತಕ್ಕೆ. ಭಾವ ರಸ್ತೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದರು. ಅಕ್ಕ ಮಕ್ಕಳನ್ನು ಕರೆದುಕೊಂಡು ನಿರ್ಮಲ್ ಮರದ ಬೊಂಬೆ ಮಾರುವ ಅಂಗಡಿಗೆ ಹೋದಳು. ಪೊನಿಕಿ ಎಂಬ ಹಗುರ ಮರದಿಂದ ಮಾಡುವ ಆ ಹಣ್ಣು, ಹಕ್ಕಿಗಳನ್ನು ಕೈಯಲ್ಲಿ ಹಿಡಿದರೆ ಭಾರವೇ ಇರುವುದಿಲ್ಲ.

ಪಂಕ್ಚರ್ ಅಂಗಡಿಯ ಬಳಿ ನಾನೊಬ್ಬಳೇ ಇದ್ದಾಗ ಮೊಬೈಲಿಗೆ ಗೆಳತಿಯ ಸಂದೇಶ ಬಂತು. ಪಟ್ಟಿ ಬಂದಿದೆ. ಹುಡುಕಿದೆ. ನನ್ನ ನಂಬರ್ ಇರಲಿಲ್ಲ. ಮತ್ತೆ ಹುಡುಕಿದೆ. ಇರಲಿಲ್ಲ. ಅಂಗಡಿಯ ಹಿಂದೆ ಹಳೇ ಟಯರುಗಳ ರಾಶಿಯ ಮರೆಗೆ ಹೋಗಿ ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು ಬಂದೆ. ಖರ್ಚಿನ ಪುಸ್ತಕದಲ್ಲಿ ‘ಪಂಕ್ಚರ್ 150 ರೂ.’ ಎಂದು ಬರೆದೆ. ಯಾರಿಗೂ ಹೇಳಲಿಲ್ಲ.

ಪೈನಗಂಗಾ ನದಿ ದಾಟಿ ಮಹಾರಾಷ್ಟ್ರಕ್ಕೆ ಬಂದೆವು. ಪಾಂಢರಕವಡಾ ಬಳಿ ಊಟ. ವಿದರ್ಭದ ಬಿಸಿಲಿಗೆ ರಸ್ತೆ ದೂರದಲ್ಲಿ ನೀರಿನಂತೆ ಹೊಳೆಯುತ್ತಿತ್ತು. ಎ.ಸಿ.ಯ ತಂಪಿಗೆ ಅಕ್ಕ, ಪಾಪು ನಿದ್ದೆ ಹೋಗಿದ್ದರು. ನಾನು ಕಣ್ಣು ತೆರೆದೇ ಇದ್ದೆ, ಆದರೆ ಏನನ್ನೂ ನೋಡುತ್ತಿರಲಿಲ್ಲ. ಹಿಂಗನಘಾಟ್ ಇನ್ನೂ ಮುಂದಿತ್ತು. ಇದ್ದಕ್ಕಿದ್ದಂತೆ ಚಕ್ರದಡಿಯಿಂದ ಗರ್‍ರ್ ಎಂದು ಸದ್ದು. ಕಾರು ರಸ್ತೆಯಂಚಿನ ಗೆರೆಯ ಉಬ್ಬುಗಳ ಮೇಲೆ ಓಡುತ್ತಿತ್ತು. ಭಾವ ಬೆಚ್ಚಿ ಸ್ಟೇರಿಂಗ್ ಎಳೆದರು. ಎದುರಿಗೆ ಸ್ವಲ್ಪ ದೂರದಲ್ಲಿ ಲಾರಿಯೊಂದು ಅಂಚಿಗೆ ನಿಂತಿತ್ತು. ಅದನ್ನು ಬಳಸಿ ಮುಂದೆ ಹೋದೆವು. ಅಷ್ಟೇ ಆದದ್ದು.

‘ಏನಿಲ್ಲ, ಏನಿಲ್ಲ, ರಸ್ತೆ ಸರಿ ಇಲ್ಲ’ ಎಂದರು ಭಾವ.

‘ಇಲ್ಲಪ್ಪ, ನೀನು ಕಣ್ಣು ಮುಚ್ಚಿದ್ದೆ. ನಾನು ಕನ್ನಡೀಲಿ ನೋಡ್ದೆ’ ಎಂದಳು ಪುಟ್ಟಿ.

ಯಾರೂ ಮಾತಾಡಲಿಲ್ಲ. ಗಂಟೆಗೆ 90 ಕಿ.ಮೀ. ವೇಗ, ಐದನ್ನು ಹದಿನೆಂಟರಿಂದ ಭಾಗಿಸಿ ಗುಣಿಸಿದರೆ ಸೆಕೆಂಡಿಗೆ 25 ಮೀಟರ್. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 75 ಮೀಟರ್. ಬ್ಯಾಂಕ್ ಪರೀಕ್ಷೆಗೆ ಓದಿದ ಯಾರಿಗೂ ಇದು ಅರೆಗಳಿಗೆಯ ಲೆಕ್ಕ, ನಾನು ಸಾವಿರ ಸಲ ಮಾಡಿದ್ದೇನೆ. ಆ ಲೆಕ್ಕದೊಳಗೆ ಎರಡು ಮಕ್ಕಳು ಕೂತಿದ್ದದ್ದು ಅದೇ ಮೊದಲು.

ಮುಂದಿನ ಧಾಬಾದಲ್ಲಿ ಭಾವ ತಾವಾಗಿಯೇ ಕಾರು ನಿಲ್ಲಿಸಿದರು. ಇಳಿದು ಬಾನೆಟ್ ಮೇಲೆ ಕೈಯೂರಿ ನಿಂತರು. ಬೈಯುತ್ತಾಳೆ ಎಂದುಕೊಂಡರೆ ಅಕ್ಕ ಬೈಯಲಿಲ್ಲ. ‘ಆಫೀಸಿಗೆ ಫೋನ್ ಮಾಡ್ರೀ. ಒಂದು ದಿನ ತಡ ಆಗತ್ತೆ ಅನ್ನಿ’ ಎಂದಳು. ಮನೆ ಖಾಲಿ ಮಾಡುವುದು, ಶಾಲೆಯ ಟಿ.ಸಿ. ಪಡೆಯುವುದು ಎಂದು ಇದ್ದ ರಜೆಯೆಲ್ಲ ಮುಗಿದಿದ್ದರಿಂದ ಸೋಮವಾರವೇ ಹಾಜರಾಗಬೇಕೆಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಫೋನ್ ಎರಡು ನಿಮಿಷದಲ್ಲಿ ಮುಗಿಯಿತು. ‘ಮಕ್ಕಳ ಜೊತೆ ಬರ್ತಾ ಇದ್ದೀರಿ, ನಿಧಾನ ಬನ್ನಿ, ಮಂಗಳವಾರ ಬಂದರೆ ಸಾಕು ಅಂದ್ರು’ ಎಂದು ಹೇಳುವಾಗ ಅವರ ದನಿ ಸಣ್ಣದಾಗಿತ್ತು. ಯಾರೂ ಕೇಳದಿದ್ದ ಗಡುವಿಗಾಗಿ ಮೂರು ದಿನದಿಂದ ಓಡುತ್ತಿದ್ದೆವು.

‘ನಾಳೆಯಿಂದ ಅರ್ಧ ದಾರಿ ಇವಳು ಓಡಿಸ್ತಾಳೆ’ ಎಂದಳು ಅಕ್ಕ, ನನ್ನ ಕಡೆ ನೋಡದೆಯೇ.

ಮೂರನೇ ಸಲ

ಅವತ್ತು ನಾಗಪುರದಲ್ಲೇ ಉಳಿದೆವು. ಕಿತ್ತಳೆ ಹಣ್ಣಿನ ಕಾಲವಲ್ಲ, ಸಂತ್ರಾ ಬರ್ಫಿ ಸಿಕ್ಕಿತು. ಭಾವ ಎಂಟಕ್ಕೇ ಮಲಗಿದರು. ನಾನು, ಪುಟ್ಟಿ ಲಾಡ್ಜಿನ ಕಿಟಕಿಯ ಬಳಿ ಕೂತಿದ್ದೆವು.

‘ಚಿಕ್ಕಮ್ಮ, ಬೆಳಿಗ್ಗೆ ಟಯರ್ ಹಿಂದೆ ಯಾಕೆ ಅಳ್ತಿದ್ದೆ?’

ಈ ಹುಡುಗಿಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ‘ಪರೀಕ್ಷೆ ಪಾಸಾಗ್ಲಿಲ್ಲ ಪುಟ್ಟಿ.’

‘ಎಷ್ಟನೇ ಸಲ?’

‘ಮೂರನೇ ಸಲ.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಂಗೆ ಹಿಂದಿ ಬರಲ್ಲ. ಆ ಸ್ಕೂಲಲ್ಲಿ ನಾನೂ ಫೇಲ್ ಆಗ್ತೀನಾ?’

ಇಲ್ಲ ಕಣೇ, ನೀನು ಜಾಣೆ ಎನ್ನಬಹುದಿತ್ತು. ಮೂರು ವರ್ಷದಿಂದ ಎಲ್ಲರೂ ನನಗೆ ಹೇಳಿದ್ದು ಅದನ್ನೇ. ‘ಮೊದಲನೇ ಟೆಸ್ಟಲ್ಲಿ ಆಗಬಹುದು. ಆಮೇಲೆ ಕಲೀತೀಯ’ ಎಂದೆ.

‘ಸರಿ’ ಎಂದಳು. ಅಷ್ಟಕ್ಕೇ ಅವಳಿಗೆ ಸಮಾಧಾನವಾಯಿತು. ಕತ್ತಲಲ್ಲಿ ಅಕ್ಕ ಎಚ್ಚರವಾಗಿಯೇ ಇದ್ದಳೆಂದು ಆಮೇಲೆ ಗೊತ್ತಾಯಿತು. ಎದ್ದು ಬಂದು ಏನೂ ಕೇಳದೆ ನನ್ನ ತಲೆಯ ಮೇಲೆ ಕೈಯಿಟ್ಟಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಭಾವ ಕಣ್ಣು ಮುಚ್ಚಿದ್ದು ಮೂರು ಸೆಕೆಂಡು. ನಾನು? ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತೇನೆಂದು ಎಲ್ಲರಿಗೂ ಹೇಳುತ್ತಿದ್ದೆ. ಕಡೆಯ ಆರು ತಿಂಗಳು ಅದರಲ್ಲಿ ಅರ್ಧ ಹೊತ್ತು ಪುಸ್ತಕದ ಮುಂದೆ ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದೆ. ಸುಸ್ತಾಗಿದೆ ಎಂದರೆ ‘ಮನೇಲೇ ಕೂತವಳಿಗೆ ಏನು ಸುಸ್ತು’ ಎನ್ನುತ್ತಾರೆಂಬ ಭಯ. ನನ್ನ ರೂಮಿನಲ್ಲಿ ‘ಕನ್ನಡೀಲಿ ನೋಡ್ದೆ’ ಎಂದು ಹೇಳುವ ಪುಟ್ಟಿ ಇರಲಿಲ್ಲ.

ಹುಲಿ ಕೆಳಗೆ, ನಾವು ಮೇಲೆ

ಶನಿವಾರ ಬೆಳಗಿನ ಐದೂವರೆಗೆ ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಅಂಗೈ ಬೆವರುತ್ತಿತ್ತು. ಭಾವ ಪಕ್ಕದಲ್ಲಿ. ಮೊದಲ ಅರ್ಧ ಗಂಟೆ ಪ್ರತಿ ಲಾರಿಯ ಹಿಂದೆಯೂ ಅದರ ವೇಗದಲ್ಲೇ ಹೋದೆ. ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ‘ಹೋಗ್ಲಿ ಬಿಡು, ನಿನ್ನ ಲೇನಲ್ಲಿ ನೀನಿರು. ಕನ್ನಡಿ ನೋಡು, ಇಂಡಿಕೇಟರ್ ಹಾಕು, ಆಮೇಲೆ ಹೊರಗೆ ಬಾ’ ಎಂದು ಭಾವ ಹೇಳಿಕೊಟ್ಟರು. ಇಷ್ಟು ತಾಳ್ಮೆಯ ಮನುಷ್ಯ ಮೂರು ದಿನ ಎಲ್ಲಿ ಹೋಗಿದ್ದರೋ.

ಮಹಾರಾಷ್ಟ್ರ ಮುಗಿದು ಮಧ್ಯಪ್ರದೇಶ ಶುರುವಾಗುವಲ್ಲಿ ಪೆಂಚ್ ಹುಲಿ ರಕ್ಷಿತಾರಣ್ಯ. ಇಲ್ಲಿ ಕಾಡುಪ್ರಾಣಿಗಳು ಓಡಾಡುವ ಜಾಗಗಳಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ. ಶಬ್ದ, ಬೆಳಕು ಕಾಡಿಗೆ ಹೋಗದಂತೆ ಪಕ್ಕದಲ್ಲಿ ತಡೆಗೋಡೆ. ಕೆಳಗಿನ ದಾರಿಯಲ್ಲಿ ಜಿಂಕೆ, ಕಾಡುಹಂದಿ, ಹುಲಿಗಳೂ ದಾಟುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಹುಲಿ ಕಾಣುತ್ತದೆಂದು ಎದ್ದು ಕೂತಿದ್ದ ಪಾಪುಗೆ ಗೋಡೆ ಮಾತ್ರ ಕಂಡಿತು. ‘ಹುಲಿ ಕೆಳಗೆ ಹೋಗತ್ತೆ, ನಾವು ಮೇಲೆ ಹೋಗ್ತೀವಿ. ಅದಕ್ಕೇ ಅದು ಬದುಕಿದೆ’ ಎಂದು ಪುಟ್ಟಿ ವಿವರಿಸಿದಳು. ಮೌಗ್ಲಿಯ ಕತೆ ನಡೆಯುವುದು ಇದೇ ಸಿವನಿ ಸೀಮೆಯ ಕಾಡಿನಲ್ಲಿ ಎಂದ ಮೇಲೆ ಪಾಪು ಕಿಟಕಿಯಾಚೆ ಪ್ರತಿ ಮರದಲ್ಲೂ ಭಗೀರಾನನ್ನು ಹುಡುಕಿದ.

ಲಖನಾದೌನ್‌ವರೆಗೆ ನಾನೇ ಓಡಿಸಿದೆ. ಸುಮಾರು 190 ಕಿ.ಮೀ. ಇಳಿದಾಗ ಕಾಲು ನಡುಗುತ್ತಿತ್ತು, ಆದರೆ ಹಸಿವಾಗಿತ್ತು. ಪಟ್ಟಿ ನೋಡಿದ ಮೇಲೆ ನನಗೆ ನಿಜವಾಗಿ ಹಸಿವಾದದ್ದು ಅಲ್ಲೇ. ಬರಮಾನ್ ಘಾಟ್ ಬಳಿ ನರ್ಮದೆ ಸಿಕ್ಕಿದಾಗ ಒಂದು ಗಂಟೆ ನಿಂತೆವು. ‘ಇದು ಪಶ್ಚಿಮಕ್ಕೆ ಹರಿಯೋ ನದಿ’ ಎಂದು ಪುಟ್ಟಿಯ ಪಟ್ಟಿಯಲ್ಲಿ ಭಾವನೇ ಬರೆದುಕೊಟ್ಟರು.

ಆಮೇಲಿನ ಎರಡು ದಿನ ಹೇಳಿಕೊಳ್ಳುವಂಥ ಅವಸರವಿಲ್ಲದೆ ಕಳೆದವು. ನಸುಕಿನಲ್ಲಿ ನಾನು, ಹೊತ್ತೇರಿದ ಮೇಲೆ ಭಾವ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಚಕ್ರ ತಿರುಗಬಾರದೆಂಬುದು ಅಕ್ಕನ ಕಾನೂನು. ಪಾಪುವನ್ನು ಮಕ್ಕಳ ಸೀಟಿನಲ್ಲೇ ಕೂರಿಸಬೇಕೆಂಬುದು ಮೊದಲಿಂದಲೂ ಇತ್ತು. ಹದಿನಾಲ್ಕು ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರ ತಿದ್ದುಪಡಿ ಕಾನೂನೇ ಹೇಳುತ್ತದೆ. ಝಾನ್ಸಿ ಕೋಟೆಯ ಮೇಲೆ ಪುಟ್ಟಿ ಅರ್ಧ ದಿನ ಕಳೆದಳು. ಝಾನ್ಸಿ ಉತ್ತರಪ್ರದೇಶ, ಮುಂದಿನ ಗ್ವಾಲಿಯರ್ ಮತ್ತೆ ಮಧ್ಯಪ್ರದೇಶ, ಚಂಬಲ್ ನದಿ ದಾಟಿದರೆ ರಾಜಸ್ಥಾನದ ಧೋಲ್‌ಪುರ, ಆಗ್ರಾಕ್ಕೆ ಬಂದರೆ ಪುನಃ ಉತ್ತರಪ್ರದೇಶ. ನಂಬರ್ ಪ್ಲೇಟ್ ಆಟದಲ್ಲಿ ಮಕ್ಕಳಿಗೆ ತಲೆ ಕೆಟ್ಟುಹೋಯಿತು. ತಾಜ್ ಮಹಲಿಗೆ ಹೋಗಲಿಲ್ಲ. ‘ಈ ಬಿಸಿಲಲ್ಲಿ ಬೇಡ, ಇನ್ನು ನಾವು ಇಲ್ಲೇ ಇರೋರು ತಾನೇ, ಚಳಿಗಾಲಕ್ಕೆ ಬರೋಣ’ ಎಂದಳು ಅಕ್ಕ. ‘ನಾವು ಇಲ್ಲೇ ಇರೋರು’ ಎಂದು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಸೋಮವಾರ ಸಂಜೆ ದೆಹಲಿ ತಲುಪಿದೆವು.

ನನ್ನ ಲೆಕ್ಕ: ಒಟ್ಟು 2,236 ಕಿ.ಮೀ., ಪೆಟ್ರೋಲಿಗೆ ಸುಮಾರು ಹದಿನೈದು ಸಾವಿರ, ಟೋಲಿಗೆ ಮೂರು ಸಾವಿರದ ಮೇಲೆ, ದಿನ ಮೂರರ ಬದಲು ಆರು. ಪುಟ್ಟಿಯ ಲೆಕ್ಕ: ನದಿ 7, ನಿಂತಿದ್ದು 43. ಪ್ರತಿ ನಿಂತದ್ದರ ಮುಂದೆಯೂ ಒಂದೊಂದು ಮಾತು. ‘ಕಂಬದ ಕೆಳಗೆ ಟವೆಲ್.’ ‘ಹಸು ಅಡ್ಡ ಬಂತು.’ ‘ಅಪ್ಪ ನಿದ್ದೆ ಮಾಡಿದ.’ ‘ಚಿಕ್ಕಮ್ಮ ಡ್ರೈವ್ ಮಾಡಿದಳು.’ ಭಾವ ಎರಡೂ ಪುಟ ನೋಡಿ, ಮಗಳದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು.

ವಾರದ ನಂತರ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ವಾಪಸ್ ಹೊರಟೆ. ಭೋಪಾಲ್ ದಾಟಿದ ಮೇಲೆ ಧೈರ್ಯ ಮಾಡಿ ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪ, ಈ ಸಲಾನೂ ಆಗಲಿಲ್ಲ.’

‘ಗೊತ್ತು ಕಣಮ್ಮ. ಶುಕ್ರವಾರಾನೇ ಪಕ್ಕದ ಮನೆ ಹುಡುಗನ ಕೈಲಿ ನೋಡಿಸ್ದೆ. ನೀನು ಗಾಡಿ ಓಡಿಸ್ತಾ ಇದ್ದೀಯ ಅಂದ್ಳು ಅಕ್ಕ. ಅದಕ್ಕೇ ಫೋನ್ ಮಾಡಲಿಲ್ಲ’ ಎಂದರು. ಸ್ವಲ್ಪ ತಡೆದು, ‘ಊಟ ಮಾಡ್ಕೊಂಡು ಬಾ’ ಎಂದರು.

ಈಗ ತುಮಕೂರಿನಲ್ಲೇ ಒಬ್ಬ ಆಡಿಟರ್ ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಕೆಲಸ ಮಾಡುತ್ತೇನೆ. ಸಂಬಳ ದೊಡ್ಡದಲ್ಲ, ನನ್ನ ಪುಸ್ತಕಕ್ಕೆ, ಫೀಸಿಗೆ ಸಾಕು. ಓದುವುದು ದಿನಕ್ಕೆ ಐದು ಗಂಟೆ. ಎರಡು ಗಂಟೆಗೊಮ್ಮೆ ಏಳುತ್ತೇನೆ. ಮುಂದಿನ ಪರೀಕ್ಷೆ ಬರೆಯುತ್ತೇನೆ, ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಕಣ್ಣು ಎಳೆಯತೊಡಗಿದರೆ ಮಾತ್ರ ಪುಸ್ತಕ ಮುಚ್ಚಿ, ಸುಸ್ತಾಗಿದೆ ಎಂದು ಅಮ್ಮನಿಗೆ ಹೇಳಿಯೇ ಮಲಗುತ್ತೇನೆ.

ಕಳೆದ ತಿಂಗಳು ಪುಟ್ಟಿಯ ಫೋನ್ ಬಂತು. ‘ಚಿಕ್ಕಮ್ಮ, ಹಿಂದೀಲಿ ಇಪ್ಪತ್ತಕ್ಕೆ ಆರು! ನೀನು ಹೇಳಿದ ಹಾಗೇ ಆಯ್ತು.’ ದನಿಯಲ್ಲಿ ಅಳುವಿರಲಿಲ್ಲ. ‘ಆದ್ರೆ ಈಗ ಬಸ್ಸಿನ ಬೋರ್ಡ್ ಎಲ್ಲಾ ಓದ್ತೀನಿ. ಪಾಪುಗೂ ಓದಿ ಹೇಳ್ತೀನಿ. ನಿನ್ನ ಪರೀಕ್ಷೆ ಯಾವಾಗ?’